ಬಸವಣ್ಣನ ಜನನಕಥೆ: ಐತಿಹಾಸಿಕ ಪರಿಶೀಲನೆ

12ನೆಯ ಶತಮಾನದ ಶರಣ ಚಳವಳಿಯ ನಾಯಕ ಬಸವಣ್ಣನ ಹುಟ್ಟಿನ ಬಗ್ಗೆ ಕಾವ್ಯ, ಪುರಾಣ, ಶಾಸನ ಹಾಗೂ ಜನರ ನೆನಪಿನಲ್ಲಿ ಉಳಿದಿರುವ ವೃತ್ತಾಂತಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಹುಟ್ಟಿದ್ದು ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿ ಸೀಮೆಯಲ್ಲಿ. ಬೆಳೆದದ್ದು, ಕಡೆಗೆ ಐಕ್ಯವಾದದ್ದು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ. ಇಷ್ಟನ್ನು ಹೆಚ್ಚಿನವರು ಒಪ್ಪುತ್ತಾರೆ. ಅದರಾಚೆಗಿನ ಪ್ರತಿ ವಿವರವೂ ಚರ್ಚೆಗೆ ಒಳಗಾಗಿದೆ.

ಈ ನಾಡಿಗೆ ಕಲ್ಲಿನ ಮೇಲೆ ಕಾಲವನ್ನು ಬರೆದಿಡುವ ಅಭ್ಯಾಸ ಹೊಸದಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ ಶಕವರ್ಷ 465, ಅಂದರೆ ಕ್ರಿ.ಶ. 543, ಇಂದಿಗೂ ಇದೆ. ಹುನಗುಂದ ತಾಲ್ಲೂಕಿನದೇ ಆದ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಶಕ 556ನ್ನು ಹೇಳುವುದಲ್ಲದೆ, ಭಾರತಯುದ್ಧ ನಡೆದು 3735 ವರ್ಷವಾಯಿತೆಂದೂ ಲೆಕ್ಕ ಕೊಡುತ್ತಾನೆ. ಅಂಥ ಸೀಮೆಯಲ್ಲಿ, ಐದಾರು ಶತಮಾನ ಈಚೆಗೆ ಬದುಕಿದ ಬಸವಣ್ಣನ ಹುಟ್ಟಿದ ವರ್ಷವನ್ನು ಹೇಳುವ ಸಮಕಾಲೀನ ಕಲ್ಲು ಒಂದೂ ಇಲ್ಲ. ಇದರಲ್ಲಿ ವಿಚಿತ್ರವೇನಿಲ್ಲ: ಶಾಸನಗಳು ದತ್ತಿ ಕೊಟ್ಟವರ, ಗೆದ್ದವರ, ಗುಡಿ ಕಟ್ಟಿಸಿದವರ ದಾಖಲೆಗಳು. ಅಗ್ರಹಾರದ ಮನೆಯೊಂದರಲ್ಲಿ ಮಗು ಹುಟ್ಟಿದ್ದನ್ನು ಯಾರೂ ಕೆತ್ತಿಸುವುದಿಲ್ಲ.

ಸಿಕ್ಕಿರುವ ಕಥನಗಳಲ್ಲಿ ಮೊದಲನೆಯದು ಹಂಪೆಯ ಹರಿಹರನ ‘ಬಸವರಾಜದೇವರ ರಗಳೆ’. ಬಸವಣ್ಣ ತೀರಿಕೊಂಡು ಎರಡು ಮೂರು ತಲೆಮಾರಿನೊಳಗೆ ಬರೆದದ್ದು. ಇದು ಕೈಲಾಸದಿಂದ ಶುರುವಾಗುತ್ತದೆ. ಶಿವನು ಪ್ರಸಾದದ ಹೂವನ್ನು ಗಣಗಳಿಗೆಲ್ಲ ಹಂಚುವಂತೆ ವೃಷಭಮುಖನೆಂಬ ಗಣಕ್ಕೆ ಕೊಡುತ್ತಾನೆ. ಹಂಚಿ ಬಂದವನು ಎಲ್ಲರಿಗೂ ಕೊಟ್ಟೆನೆನ್ನುತ್ತಾನೆ. ಕುಮಾರಸ್ವಾಮಿ ಮಾತ್ರ ತನಗೆ ಬರಲಿಲ್ಲವೆನ್ನುತ್ತಾನೆ. ಆ ತಪ್ಪಿಗೆ ವೃಷಭಮುಖ ಭೂಮಿಯಲ್ಲಿ ಮಾದಿರಾಜ, ಮಾದಾಂಬೆಯರ ಮಗನಾಗಿ ಹುಟ್ಟಬೇಕಾಗುತ್ತದೆ. ಆದರೆ ಕಥೆ ಬಾಗೇವಾಡಿಗೆ ಇಳಿದ ಮೇಲೆ ಹರಿಹರನ ಧಾಟಿ ಬದಲಾಗುತ್ತದೆ. ತಂದೆತಾಯಿ ಬೇಗ ತೀರಿಕೊಳ್ಳುತ್ತಾರೆ, ಮುತ್ತಬ್ಬೆ ಹುಡುಗನನ್ನು ಸಾಕುತ್ತಾಳೆ, ಉಪನಯನವೂ ಆಗುತ್ತದೆ. ಹದಿನಾರರ ಹರೆಯದಲ್ಲಿ ಅವನು ಜನಿವಾರ ಕಿತ್ತೆಸೆದು ಕೂಡಲಸಂಗಮದ ದಾರಿ ಹಿಡಿಯುತ್ತಾನೆ. ಅನಾಥ ಹುಡುಗ, ಮುದುಕಿಯ ಆಸರೆ, ಮನೆ ಬಿಟ್ಟು ಹೋದ ಒಂದು ದಿನ: ಇವನ್ನು ಕಟ್ಟಿಹೇಳುವುದರಿಂದ ಭಕ್ತಕವಿಗೆ ಬರುವ ಲಾಭವೇನೂ ಕಾಣದು. ಅದಕ್ಕೇ ಸಂಶೋಧಕರು ಈ ಭಾಗಕ್ಕೆ ಹೆಚ್ಚು ತೂಕ ಕೊಟ್ಟಿದ್ದಾರೆ, ಕೊಡಬೇಕಾದ್ದೂ ಸರಿ.

ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ದಲ್ಲಿ ಚಿತ್ರ ಬೇರೆ. ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ಷಟ್ಪದಿಯ ಪುರಾಣ ಬರೆದ. ಉತ್ತರ ಕರ್ನಾಟಕದ ಮಠಗಳಲ್ಲಿ, ಶ್ರಾವಣದ ಪುರಾಣ ಪ್ರವಚನಗಳಲ್ಲಿ ಜನ ಕೇಳಿ ಬೆಳೆದದ್ದು ಈ ಧಾರೆಯನ್ನೇ. ಇಲ್ಲಿ ಲೋಕದಲ್ಲಿ ಶಿವಭಕ್ತಿ ಕುಗ್ಗಿತೆಂದು ನಾರದ ದೂರು ಒಯ್ಯುತ್ತಾನೆ. ಶಿವ ನಂದಿಯನ್ನೇ ಕಳಿಸುತ್ತಾನೆ. ಮಕ್ಕಳಿಲ್ಲದ ಮಾದಾಂಬೆ ನಂದಿಯ ನೋಂಪಿ ಹಿಡಿಯುತ್ತಾಳೆ, ಬಸುರಿಯಾಗುತ್ತಾಳೆ, ಮೂರು ವರ್ಷವಾದರೂ ಹೆರಿಗೆಯಾಗುವುದಿಲ್ಲ. ಕೊನೆಗೆ ಮಗು ಹುಟ್ಟಿದಾಗ ಕೂಡಲಸಂಗಮದ ದೇವರೇ ತಪಸ್ವಿಯ ವೇಷದಲ್ಲಿ ಬಂದು ಲಿಂಗಧಾರಣೆ ಮಾಡುತ್ತಾನೆ. ಎಂಟನೆಯ ವಯಸ್ಸಿಗೆ ಆ ಬಾಲಕ ಉಪನಯನವನ್ನೇ ಬೇಡವೆಂದು ವಾದಿಸಿ ಅಕ್ಕನೊಂದಿಗೆ ಹೊರನಡೆಯುತ್ತಾನೆ. ಹರಿಹರನಲ್ಲಿ ಹಾಕಿಕೊಂಡು ಕಳಚಿದ ಜನಿವಾರ ಇಲ್ಲಿ ಮೈ ಮುಟ್ಟುವುದೇ ಇಲ್ಲ. ಹುಟ್ಟುವಾಗಲೇ ಲಿಂಗವಂತನಾದ ಮಗುವಿಗೆ ಮತ್ತೊಂದು ಸಂಸ್ಕಾರ ಹೇಗೆ ತಾನೇ ಒಪ್ಪೀತು? ಕಥೆ ಸಿದ್ಧಾಂತದ ಹಿಂದೆ ನಡೆದದ್ದು ಇಲ್ಲಿ ಸ್ಪಷ್ಟ. ಸಿಂಗಿರಾಜನ ಪುರಾಣದ ಹೊತ್ತಿಗೆ ಬಸವಣ್ಣನ ಪವಾಡಗಳ ಲೆಕ್ಕ 88ಕ್ಕೆ ಏರಿತ್ತು.

ಕ್ರಿಸ್ತನ ಜನನಕಥೆಯ ಅಧ್ಯಯನ ನಡೆಸಿದವರಿಗೂ ಇದೇ ಬಗೆಯ ತೊಡಕು ಎದುರಾಗಿದೆ. ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯ, ಲೂಕ ಎರಡರಲ್ಲಿ ಮಾತ್ರ ಆ ಕಥೆ ಇದೆ, ವಂಶಾವಳಿಗಳು ಕೂಡುವುದಿಲ್ಲ. ಕ್ರಿ.ಪೂ. 4ರಲ್ಲಿ ಸತ್ತ ಹೆರೋದನ ಕಾಲ ಒಬ್ಬನದು, ಕ್ರಿ.ಶ. 6ರಲ್ಲಿ ಕ್ವಿರಿನಿಯನು ನಡೆಸಿದ ಜನಗಣತಿ ಇನ್ನೊಬ್ಬನದು. ಜ್ಯೋತಿಷಿಗಳೂ ಕುರುಬರೂ ಒಂದೇ ಗೋದಲಿಯ ಸುತ್ತ ನಿಲ್ಲುವುದು ಭಕ್ತರ ಕಲ್ಪನೆಯಲ್ಲಿ. ಹರಿಹರನ ಮುತ್ತಬ್ಬೆಯೂ ಸೋಮನಾಥನ ನಂದಿಯೂ ನಮ್ಮ ಪ್ರವಚನಗಳಲ್ಲಿ ಹಾಗೆಯೇ ಕೂಡಿಕೊಂಡಿದ್ದಾರೆ.

ಬ್ರಿಟಿಷ್ ಆಡಳಿತದ ಶಾಸನತಜ್ಞ ಜೆ. ಎಫ್. ಫ್ಲೀಟ್ ಸಮಕಾಲೀನ ಶಾಸನಗಳ ಮೌನವನ್ನು ಹಿಡಿದು ಬಸವಣ್ಣನ ಸ್ಥಾನವನ್ನೇ ಪ್ರಶ್ನಿಸಿದ. ಅಬ್ಬಲೂರಿನ ಶಾಸನದ ಆಧಾರದಿಂದ ಏಕಾಂತದ ರಾಮಯ್ಯನೆಂಬ ಶಿವಭಕ್ತನನ್ನು ಆ ಸ್ಥಾನಕ್ಕೆ ತಂದ. ಬಾಗೇವಾಡಿಗೆ ಹತ್ತಿರದ ಮನಗೂಳಿಯ ಶಾಸನದಲ್ಲಿ ಕಲಚುರಿ ದೊರೆ ಬಿಜ್ಜಳನ ಕಾಲದ ಒಬ್ಬ ಶಿವಭಕ್ತ ಬಸವ ಸಿಕ್ಕಾಗ, ಇವನೇ ಆ ಬಸವನಿರಬಹುದೆಂಬ ಊಹೆ ಹುಟ್ಟಿತು. ಆದರೆ ಆ ಬಸವನ ತಂದೆ ಚಂದಿರಾಜ, ತಾಯಿ ಚಂದ್ರಾಂಬಿಕೆ. ಹೆಸರೊಂದೇ ಸಾಕೆಂದರೆ ಆಗಿನ ಬಾಗೇವಾಡಿ ಸೀಮೆಯಲ್ಲಿ ಬಸವರಿಗೇನು ಬರವೇ?

ಚಿತ್ರವನ್ನು ಬದಲಿಸಿದ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ. ಸೇವುಣರ ದೊರೆ ಕನ್ನರನ ಕಾಲದ, ಶಕ 1182ರ (ಕ್ರಿ.ಶ. 1260) ಈ ಕಲ್ಲನ್ನು ಆರ್. ಎಸ್. ಪಂಚಮುಖಿ ಸಂಪಾದಿಸಿ ಪ್ರಕಟಿಸಿದರು. ಬಾಗೇವಾಡಿ, ಮಾದಿರಾಜ, ಅವನ ಮಗ ಬಸವರಾಜ ಮೂರೂ ಇದರಲ್ಲಿ ಬರುತ್ತವೆ. ಪುರಾಣಕ್ಕೆ ಹೊರಗಿನ ಸಾಕ್ಷಿಯೊಂದು ಸಿಕ್ಕಂತಾಯಿತು. ಅದರ ಜೊತೆಗೇ ಪುರಾಣಕ್ಕೆ ಒಂದು ಪೆಟ್ಟೂ ಬಿತ್ತು. ದತ್ತಿ ಪಡೆದ ಹಾಲಬಸವಿದೇವನ ವಂಶವನ್ನು ಹೇಳುವ ಶಾಸನ ಬಸವಣ್ಣನಿಗೆ ದೇವರಾಜನೆಂಬ ಅಣ್ಣನನ್ನು ಕೊಡುತ್ತದೆ. ಅಣ್ಣನೊಬ್ಬ ಇದ್ದನೆಂದ ಮೇಲೆ ಮಕ್ಕಳಿಲ್ಲದ ತಾಯಿಯ ಹರಕೆ, ನಂದಿಯ ವರ ಎಲ್ಲ ಸಡಿಲವಾಗುತ್ತವೆ. ಜನನಕಥೆಯ ಚರ್ಚೆಯಲ್ಲಿ ಇದಕ್ಕಿಂತ ಗಟ್ಟಿಯಾದ ಆಧಾರ ಮತ್ತೊಂದಿಲ್ಲ. ಪ್ರವಚನಕಾರರ ಬಾಯಲ್ಲಿ ಇದು ಅಪರೂಪ.

ತನ್ನ ಹುಟ್ಟಿನ ಬಗ್ಗೆ ಬಸವಣ್ಣ ತಾನೇ ಆಡಿದ ಮಾತೂ ಇದೆ. ಚೆನ್ನಯ್ಯನ ಮನೆಯ ಆಳಿನ ಮಗನಿಗೂ ಕಕ್ಕಯ್ಯನ ಮನೆಯ ತೊತ್ತಿನ ಮಗಳಿಗೂ, ಬೆರಣಿಗೆಂದು ಹೊಲಕ್ಕೆ ಹೋದಾಗ ಆದ ಕೂಟದಲ್ಲಿ ಹುಟ್ಟಿದವನು ತಾನೆಂಬ ಅರ್ಥದ ವಚನ ಅದು. ಕೈಲಾಸವನ್ನು ನೆಲಕ್ಕಿಳಿಸಿ ಹೊಲಗೇರಿಯಲ್ಲಿ ನಿಲ್ಲಿಸುವ ಈ ಮಾತನ್ನು ಹೆಚ್ಚಿನ ವಿದ್ವಾಂಸರು ಕುಲದ ಹಮ್ಮನ್ನು ಕಳಚುವ ನುಡಿಯೆಂದು ಓದಿದ್ದಾರೆ. ಬಂಜಗೆರೆ ಜಯಪ್ರಕಾಶ್ 2007ರಲ್ಲಿ ‘ಆನು ದೇವಾ ಹೊರಗಣವನು’ ಕೃತಿಯಲ್ಲಿ ಇಂಥ ವಚನಗಳನ್ನು ಆತ್ಮಕಥನದ ಸಾಕ್ಷ್ಯವೆಂದೇ ತೆಗೆದುಕೊಂಡು, ಬಸವಣ್ಣ ಮಾದಿಗ ಮೂಲದವನಿರಬಹುದೆಂದು ವಾದಿಸಿದರು. ಪ್ರತಿಭಟನೆಗಳೆದ್ದು ಪುಸ್ತಕ ಹಿಂತೆಗೆದುಕೊಳ್ಳಬೇಕಾಯಿತು. ಅರ್ಜುನವಾಡದ ಮಾದಿರಾಜನ ಮುಂದೆ ಆ ವಾದ ನಿಲ್ಲುವುದು ಕಷ್ಟ. ಆದರೂ ಶರಣನೊಬ್ಬ ತನಗಾಗಿ ಆರಿಸಿಕೊಂಡ ಹುಟ್ಟನ್ನು ಪುರಾಣಿಕರು ಬದಿಗಿಟ್ಟರೆಂಬ ಮಾತು ಉಳಿಯುತ್ತದೆ.

ಬಸವಣ್ಣನ ಸೋದರಳಿಯ ಚನ್ನಬಸವಣ್ಣನ ಹುಟ್ಟಿನ ಕಥೆ ಇನ್ನೂ ಸೂಕ್ಷ್ಮ. ಅಕ್ಕನಾಗಮ್ಮ ಶರಣರ ಪ್ರಸಾದ ಸೇವಿಸಿ ಬಸುರಾದಳೆಂದು ಪರಂಪರೆಯ ಒಂದು ಧಾರೆ ಹೇಳಿದರೆ, ಮತ್ತೊಂದು ಅವಳಿಗೆ ಶಿವಸ್ವಾಮಿಯೆಂಬ ಗಂಡನನ್ನು ಹೇಳುತ್ತದೆ. ಇದನ್ನು ಇತಿಹಾಸದ ಕಣ್ಣಿಂದ ನೋಡಹೋದ ಎಂ. ಎಂ. ಕಲಬುರ್ಗಿ ‘ಮಾರ್ಗ’ದ ಬರಹಗಳಿಗಾಗಿ 1989ರಲ್ಲಿ ಮಾತು ಹಿಂತೆಗೆದುಕೊಳ್ಳಬೇಕಾಯಿತು. ಇದೇ ಕಥೆಯನ್ನು ಮುಟ್ಟಿದ ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಸುಪ್ರೀಂ ಕೋರ್ಟು 2007ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು.

ಹುಟ್ಟಿದ ಊರಿನ ಬಗ್ಗೆ ಬಾಗೇವಾಡಿ ಹಾಗೂ ಹತ್ತಿರದ ಇಂಗಳೇಶ್ವರದ ನಡುವೆ ಹಳೆಯ ಪೈಪೋಟಿಯಿದೆ. ಎರಡನೆಯದನ್ನು ತಾಯಿಯ ತವರೆಂದು ಹೇಳಿ ರಾಜಿ ಮಾಡುವವರಿದ್ದಾರೆ. ವರ್ಷದ ವಿಷಯದಲ್ಲಿ ಪಿ. ಬಿ. ದೇಸಾಯಿ ಸುಮಾರು 1105 ಎಂದರೆ, 1131, 1134 ಎನ್ನುವವರು ಹಲವರು. ನಿಂತ ಗೂಟ ಒಂದೇ: ಬಿಜ್ಜಳನ ಅಂತ್ಯ, 1167ರ ಆಸುಪಾಸು. ಅಲ್ಲಿಂದ ಹಿಂದಕ್ಕೆ ಎಣಿಸುವಾಗ ಬಸವಣ್ಣ ಅರವತ್ತು ದಾಟಿದ್ದನೋ ಮೂವತ್ತರ ಹರೆಯದವನೋ ಎಂಬುದರ ಮೇಲೆ ಅವನು ಮಂಗಳವೇಡೆ, ಕಲ್ಯಾಣಗಳಲ್ಲಿ ಕಳೆದ ವರ್ಷಗಳ ಇಡೀ ಕಾಲಾನುಕ್ರಮ ನಿಂತಿದೆ. ವೈಶಾಖ ಶುದ್ಧ ತದಿಗೆಯ ತಿಥಿ ಮಾತ್ರ ಆಚರಣೆಯಲ್ಲಿ ನೆಲೆಯಾಗಿದೆ. ಆ ದಿನ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಆರಂಭಿಸಿದರು.