ಊರಿಗೆ ಬಂದವರನ್ನು ಕಳ್ಳರಂತೆ ನೋಡಲು ಕಲಿಸಿದ್ದು ಯಾರು?

2018ರ ಮೇ ತಿಂಗಳಲ್ಲಿ ನಮ್ಮೂರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಓಣಿಯಲ್ಲಿ ಹುಡುಗರು ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ಕೆಳಗೆ ‘ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ಕಳಿಸಿ’ ಅಂತ ಇತ್ತು. ನಾನೂ ಅಕ್ಕನಿಗೆ ಕಳಿಸಿದೆ. ಅವಳಿಗೆ ಎರಡು ಸಣ್ಣ ಮಕ್ಕಳು.

ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತೆಗೆದ ಜಾಗೃತಿ ಚಿತ್ರ ಅನ್ನುವುದು ಆಮೇಲೆ ಗೊತ್ತಾಯಿತು. ಪೂರ್ತಿ ಚಿತ್ರದಲ್ಲಿ ಬೈಕಿನವರು ತಿರುಗಿ ಬಂದು, ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ತುದಿಯನ್ನು ಯಾರೋ ಕತ್ತರಿಸಿದ್ದರು.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 1ರ ಭಾನುವಾರ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಸಂತೆ. ಅಲ್ಲಿಗೆ ಬಂದ ಐವರು ಭಿಕ್ಷುಕರನ್ನು ಜನ ಪಂಚಾಯಿತಿ ಕಚೇರಿಯ ಕೋಣೆಗೆ ನೂಕಿ, ಬಡಿದು ಕೊಂದರು. ಐವರೂ ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು. ಊರು ನಮ್ಮ ವಿಜಯಪುರದ ಗಡಿಗೆ ಅಂಟಿಕೊಂಡ ಮಂಗಳವೇಡೆ ಕಡೆ. ಬಸವಣ್ಣನವರು ಮೊದಲು ಬಿಜ್ಜಳನ ಬಳಿ ಕೆಲಸಕ್ಕಿದ್ದರು ಅನ್ನುತ್ತಾರಲ್ಲ, ಅದೇ ಮಂಗಳವೇಡೆ.

ಎಲ್ಲರೂ ವಾಟ್ಸಾಪ್‌ ಮೇಲೆ ತಪ್ಪು ಹೊರಿಸಿದರು. ಕಂಪನಿಯೂ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ಆದರೆ ವದಂತಿ ನಮಗೆ ಹೊಸದೇ? ಫೋನಿಲ್ಲದ ಕಾಲದಲ್ಲೂ ‘ನಾಳೆ ಬಾ’ ದೆವ್ವ ಊರೂರು ತಿರುಗಿತ್ತು. ಜನ ಹೆದರಿ ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದರು, ಮಲಗಿದರು. ದೆವ್ವವನ್ನು ಹಿಡಿದು ಹೊಡೆಯಲು ಆಗುವುದಿಲ್ಲ. ಮಕ್ಕಳ ಕಳ್ಳನಿಗಾದರೆ ಒಂದು ಮುಖ ಬೇಕು. ಆ ಮುಖ ಜೋಳಿಗೆ ಹಾಕಿಕೊಂಡು ಬರುವ ಅಪರಿಚಿತನದೇ ಆಗುವುದೇಕೆ?

ಇದಕ್ಕೆ 1871ಕ್ಕೆ ಹೋಗಬೇಕು. ಆ ವರ್ಷ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದಿತು. ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು ಅನ್ನುವುದು ಅದರ ತಿರುಳು. ಮೊದಲು ಉತ್ತರ ಭಾರತದಲ್ಲಿದ್ದ ಕಾಯ್ದೆ 1911ರಲ್ಲಿ ದಕ್ಷಿಣಕ್ಕೂ ಬಂತು. ಪಟ್ಟಿಗೆ ಸೇರಿದವರು ಪೊಲೀಸರಿಗೆ ಹಾಜರಿ ಕೊಡಬೇಕು, ಬೇರೆ ಊರಿಗೆ ಹೋಗಬೇಕೆಂದರೆ ಪಾಸು ಪಡೆಯಬೇಕು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇವರನ್ನು ಇಡಲು ಸೆಟ್ಲಮೆಂಟುಗಳನ್ನು ಕಟ್ಟಿದರು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಜಾಗಕ್ಕೆ ಸೆಟ್ಲಮೆಂಟ್ ಅಂತಲೇ ಹೆಸರು. ಒಂದು ಸಮುದಾಯದ ಹೆಸರೇ ‘ಗಂಟಿಚೋರ’, ಅಂದರೆ ಗಂಟು ಕದಿಯುವವನು. ಯಾರೋ ಇಟ್ಟ ಆ ಹೆಸರು ಇಂದಿಗೂ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಆ ಮನೆಯ ಮಗು ಸರ್ಟಿಫಿಕೇಟ್ ತರಲು ನಾಡಕಚೇರಿಗೆ ಹೋಗಿ ತನ್ನನ್ನು ಏನೆಂದು ಹೇಳಿಕೊಳ್ಳಬೇಕು, ಯೋಚಿಸಿ.

ಕಾಯ್ದೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಅಂಶ. ಇಂಥವರು ಊರಿಗೆ ಬಂದರೆ, ಹೋದರೆ ಪೊಲೀಸರಿಗೆ ತಿಳಿಸುವ ಹೊಣೆಯನ್ನು ಊರ ಮುಖಂಡ ಮತ್ತು ತಳವಾರರ ಮೇಲೆ ಹೊರಿಸಿದ್ದರು. ತಿಳಿಸದಿದ್ದರೆ ಅವರಿಗೇ ಶಿಕ್ಷೆ. ಅಲೆಮಾರಿಯ ಮೇಲೆ ಕಣ್ಣಿಡುವುದು ಊರಿನ ಕರ್ತವ್ಯ ಅಂತ ಕಾನೂನೇ ಕಲಿಸಿತು. 1952ರಲ್ಲಿ ಕಾಯ್ದೆ ರದ್ದಾಯಿತು, ಆದರೆ ರೂಢಿ ಹೋಗಲಿಲ್ಲ. ಮಹಾರಾಷ್ಟ್ರದಲ್ಲಿ ಡವರಿ ಗೋಸಾವಿಗಳು ವಿಮುಕ್ತ ಜಾತಿಯವರಲ್ಲ, ಅಲೆಮಾರಿ ಬುಡಕಟ್ಟಿನವರು. ಸಂತೆಯ ಗುಂಪಿಗೆ ಈ ವ್ಯತ್ಯಾಸ ಯಾರು ಹೇಳಬೇಕಿತ್ತು?

ಹಾಗಂತ ರಾಯಿನ್‌ಪಾಡಾದವರು ರಾಕ್ಷಸರು ಅಂತ ಬರೆದು ಮುಗಿಸಲಾರೆ. ಅದೂ ಬಡ ಆದಿವಾಸಿಗಳ ಊರು. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ಗುಳೆ ಹೋಗುವ ಕಡೆಗಳಲ್ಲಿ ಮಕ್ಕಳು ಅಜ್ಜಿಯ ಬಳಿ ಇರುತ್ತಾರೆ, ಅಥವಾ ಯಾರ ಬಳಿಯೂ ಇರುವುದಿಲ್ಲ. ಮಗು ಕಾಣದಿದ್ದರೆ ಠಾಣೆ ದೂರ. ಹೋದರೂ ‘ಎಲ್ಲೋ ಹೋಗಿರಬೇಕು, ನೋಡ್ರಿ’ ಅನ್ನುವ ಮಾತು. ದೆಹಲಿ ಪಕ್ಕದ ನಿಠಾರಿಯಲ್ಲಿ ಕೂಲಿಕಾರರ ಮಕ್ಕಳು ಒಂದೊಂದಾಗಿ ಕಾಣೆಯಾದರೂ ತಾಯ್ತಂದೆಯರ ದೂರನ್ನು ಪೊಲೀಸರು ಲಕ್ಷ್ಯಕ್ಕೇ ತೆಗೆದುಕೊಂಡಿರಲಿಲ್ಲ. 2006ರ ಡಿಸೆಂಬರಿನಲ್ಲಿ ಚರಂಡಿಯಲ್ಲಿ ಮಕ್ಕಳ ಎಲುಬು ಸಿಕ್ಕವು. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2013ರಲ್ಲಿ. ಹೊರಗಿನವನನ್ನು ಕಾಯುವುದನ್ನು ಬಡ ಊರುಗಳಿಗೆ ಸರ್ಕಾರ ಕಲಿಸಿತು, ಅವುಗಳ ಮಕ್ಕಳನ್ನು ಮಾತ್ರ ತಾನು ಕಾಯಲಿಲ್ಲ. ಕೈಗೆ ಬಡಿಗೆ ಬಂದದ್ದು ಈ ಎರಡರ ನಡುವೆ ಅಂತ ನನಗನಿಸುತ್ತದೆ.

ಆದರೆ ನನ್ನ ಈ ಲೆಕ್ಕಕ್ಕೆ ಬೀದರಿನ ಮುರ್ಕಿ ಸರಿಯಾಗಿ ಕೂಡುವುದಿಲ್ಲ. ಜುಲೈ 13ರಂದು ಅಲ್ಲಿ ಸಿಕ್ಕಿಬಿದ್ದವರು ಹೈದರಾಬಾದಿನಿಂದ ಕಾರಿನಲ್ಲಿ ಬಂದವರು, ಜೋಳಿಗೆಯವರಲ್ಲ. ಹಂದಿಕೇರಾದಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದಕ್ಕೆ ಸಂಶಯ ಹುಟ್ಟಿತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಓಡುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಅವರಿಗಿಂತ ಮೊದಲೇ ಮುರ್ಕಿ ಮುಟ್ಟಿತ್ತು. ಒಬ್ಬ ಯುವ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅಲೆಮಾರಿಯ ಮೇಲಿದ್ದ ಸಂಶಯ ಒಮ್ಮೆ ಕೈಗೆ ರೂಢಿಯಾದರೆ ಯಾರ ಮೇಲೂ ತಿರುಗಬಹುದು ಅಂತ ಇದನ್ನು ಓದಿಕೊಳ್ಳಬಹುದೇನೋ. ಮುಂದೆ ನಾಲ್ಕೇ ದಿನಕ್ಕೆ, ಜುಲೈ 17ರಂದು, ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ನಿಮ್ಮ ಜಿಲ್ಲೆಯಲ್ಲಿ ಅವರು ಯಾರೆಂದು ಒಮ್ಮೆ ಠಾಣೆಯಲ್ಲಿ ಕೇಳಿ ನೋಡಿ.

ಈ ಸಲ ಸುಗ್ಗಿಯಲ್ಲಿ ನಮ್ಮೂರಿಗೆ ಬುಡಬುಡಿಕೆ ಅಜ್ಜ ಬಂದಿದ್ದ. ಕೊರಳಲ್ಲಿ ಮಣಿಸರದ ಜೊತೆಗೆ ಲ್ಯಾಮಿನೇಷನ್ ಮಾಡಿಸಿದ ಆಧಾರ್ ಕಾರ್ಡು. ‘ಇದ್ಯಾಕ ಅಜ್ಜಾ?’ ಅಂದೆ. ‘ಕೇಳೋಕಿಂತ ಮೊದ್ಲ ತೋರಸೋದು ಚಲೋ, ತಮ್ಮಾ’ ಅಂದ. ಅವ್ವ ಮೊರದಲ್ಲಿ ಜೋಳ ತಂದಳು. ಅವನು ಮೊದಲು ಕಾರ್ಡನ್ನು ಅವಳತ್ತ ತಿರುಗಿಸಿದ, ಆಮೇಲೆ ಬುಡಬುಡಿಕೆ ಬಾರಿಸಿದ.