ಬೆಂಗಳೂರಿನ ಆಸ್ಪತ್ರೆಗಳು ವಿದೇಶಿಯರಿಗೆ ಪರಿಚಯವಾದದ್ದು ಯಾರಿಂದ?

ಹೋದ ವರ್ಷ ನಮ್ಮ ಬೀದಿಯ ದೊಡ್ಡಪ್ಪನನ್ನು ಹೃದಯದ ವಾಲ್ವ್ ಆಪರೇಷನ್ನಿಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಯಾವ ಆಸ್ಪತ್ರೆ ಅನ್ನೋದು ಬೇಡ. ಯಶಸ್ವಿನಿ ಕಾರ್ಡ್ ಹಿಡಿದು ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತರೆ ನಮ್ಮ ಟೋಕನ್ ನಂಬರ್ ನೂರು ದಾಟಿತ್ತು. ಎದುರಿಗೆ ಗಾಜಿನ ಬಾಗಿಲು, ಒಳಗೆ ಸೋಫಾ, ತಣ್ಣನೆ ಗಾಳಿ. ಬಾಗಿಲ ಮೇಲೆ ಬಲದಿಂದ ಎಡಕ್ಕೆ ಬರೆದ ಅಕ್ಷರ. ದೊಡ್ಡಪ್ಪ ನೋಡಿ ನೋಡಿ ಕೇಳಿದ: "ಅದ್ಯಾವ ಭಾಷೆ ಮಗಾ?"

"ಅರಬ್ಬಿ ದೊಡ್ಡಪ್ಪ. ಹೊರದೇಶದವರಿಗೆ."

"ಅವರಿಗೆ ಅವರ ಭಾಷೆಲಿ ಬರ್ದವ್ರೆ. ನಮ್ಮ ಕೌಂಟರಿಗೆ ಯಾಕಪ್ಪಾ ಇಂಗ್ಲಿಷು?"

ಉತ್ತರ ನಮ್ಮ ಹತ್ತಿರ ಇರಲಿಲ್ಲ. ಊರಿಗೆ ಬಂದ ಮೇಲೆ ಹಳೆಯ ಪತ್ರಿಕೆ, ಸರ್ಕಾರಿ ಕಾಗದ ಹುಡುಕುತ್ತಾ ಕೂತೆವು. ಆಗ ಸಿಕ್ಕ ಕತೆ ಇದು.

ಬೆಂಗಳೂರಿಗೆ ಆಸ್ಪತ್ರೆ ಊರು ಎಂಬ ಹೆಸರು ಖಾಸಗಿಯವರಿಂದ ಬಂದದ್ದಲ್ಲ. ವಿಕ್ಟೋರಿಯಾ ಆಸ್ಪತ್ರೆ ಶುರುವಾದದ್ದು 1900ರಲ್ಲಿ, ಮೈಸೂರು ಅರಸರ ಕಾಲದಲ್ಲಿ. ಕ್ಯಾನ್ಸರಿಗೆ ಕಿದ್ವಾಯಿ ಬಂದದ್ದು 1973ರಲ್ಲಿ, ಮರುವರ್ಷ ನಿಮ್ಹಾನ್ಸ್. ಡಾಕ್ಟರುಗಳು ಕೈ ಪಳಗಿಸಿಕೊಂಡದ್ದು ಇಂಥ ಕಡೆ, ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದ ರೋಗಿಗಳ ಮೇಲೆ.

ಖಾಸಗಿ ದೊಡ್ಡ ಆಸ್ಪತ್ರೆಗಳ ಕಾಲ ಆಮೇಲೆ ಬಂತು. ಚೆನ್ನೈನಲ್ಲಿ ಅಪೋಲೊ 1983ರಲ್ಲೇ ಬಾಗಿಲು ತೆರೆದಿತ್ತು. ನಮ್ಮಲ್ಲಿ ವಿಮಾನ ನಿಲ್ದಾಣದ ರಸ್ತೆಗೆ ಮಣಿಪಾಲ್ ಬಂದದ್ದು 1991ರಲ್ಲಿ. ಇಲ್ಲಿ ಒಂದು ಸರ್ಕಾರಿ ಕಾಗದದ ಕತೆ ಹೇಳಲೇಬೇಕು. 1988ರಲ್ಲಿ ಕೇಂದ್ರ ಸರ್ಕಾರ, ಆಸ್ಪತ್ರೆಗಳು ವಿದೇಶದಿಂದ ತರಿಸುವ ಯಂತ್ರಗಳಿಗೆ ಸುಂಕ ಬಿಟ್ಟುಕೊಟ್ಟಿತು. ಬದಲಿಗೆ ಷರತ್ತು ಹಾಕಿತು: ನೂರು ಹೊರರೋಗಿಗಳಲ್ಲಿ 40 ಜನರಿಗೆ ಉಚಿತ ಚಿಕಿತ್ಸೆ, ತಿಂಗಳಿಗೆ 500 ರೂಪಾಯಿಗಿಂತ ಕಡಿಮೆ ವರಮಾನದ ಮನೆಯವರಿಗೆ ನೂರರಲ್ಲಿ 10 ಹಾಸಿಗೆ. ದೇಶದ ಎಷ್ಟೋ ಆಸ್ಪತ್ರೆಗಳು ಯಂತ್ರ ತರಿಸಿಕೊಂಡವು, ಷರತ್ತು ಮರೆತವು. ಸುಂಕ ವಿನಾಯಿತಿ ಪಡೆದವರ ಮೇಲೆ ಈ ಹೊಣೆ ಮುಂದುವರಿಯುತ್ತದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಂದರೆ ಮುಂದೆ ವಿದೇಶಿಯರಿಗೆ ತೋರಿಸಿ ಬೀಗಿದ ಯಂತ್ರಗಳಲ್ಲಿ ಕೆಲವಕ್ಕೆ ಬಡವರ ಹೆಸರಿನಲ್ಲೇ ಸುಂಕ ಮಾಫಿಯಾಗಿತ್ತು.

ಅದೇ ಕಾಲದ ಇನ್ನೊಂದು ಸಂಗತಿ ಯಾವ ಜಾಹೀರಾತಿನಲ್ಲೂ ಇಲ್ಲ. ಚೆನ್ನೈ, ಮುಂಬೈ, ಬೆಂಗಳೂರಿಗೆ ಹೊರದೇಶದವರು ಕಿಡ್ನಿಗಾಗಿ ಬರುತ್ತಿದ್ದರು. ಸಾಲದಲ್ಲಿ ಮುಳುಗಿದವರು ಕಿಡ್ನಿ ಮಾರುತ್ತಿದ್ದರು. ಅಂಗಾಂಗ ಮಾರಾಟ ಅಪರಾಧ ಎಂಬ ಕಾನೂನು ಬಂದದ್ದು 1994ರಲ್ಲಿ.

ಈಗ 2002ಕ್ಕೆ ಬರೋಣ. ಆ ವರ್ಷದ ರಾಷ್ಟ್ರೀಯ ಆರೋಗ್ಯ ನೀತಿ, ಹಣ ಕೊಟ್ಟು ಚಿಕಿತ್ಸೆ ಪಡೆಯುವ ವಿದೇಶಿ ರೋಗಿಗಳನ್ನು ಪ್ರೋತ್ಸಾಹಿಸಬೇಕು ಅಂದಿತು. ವಿದೇಶಿ ಹಣ ತರುವ ಆ ಸೇವೆಯನ್ನು ರಫ್ತು ಎಂದೇ ಪರಿಗಣಿಸಿ ರಫ್ತಿನ ರಿಯಾಯಿತಿಗಳನ್ನೂ ಕೊಡಬೇಕು ಅಂದಿತು. ರೇಷ್ಮೆ, ಕಾಫಿ ಇದ್ದ ಸಾಲಿಗೆ ಬೈಪಾಸ್ ಆಪರೇಷನ್ನೂ ಬಂದು ಕೂತಿತು! ಅದೇ ವರ್ಷ ಉದ್ಯಮಿಗಳ ಒಕ್ಕೂಟವೊಂದು ವಿದೇಶಿ ಸಲಹಾ ಕಂಪನಿಯ ಜೊತೆ ಸೇರಿ, ಈ ವ್ಯಾಪಾರ 2012ರ ವೇಳೆಗೆ 200 ಕೋಟಿ ಡಾಲರ್‌ವರೆಗೆ ಬೆಳೆಯಬಹುದು ಎಂದು ಲೆಕ್ಕ ಕೊಟ್ಟಿತು. 2005ರಲ್ಲಿ ಚಿಕಿತ್ಸೆಗೆಂದೇ ಪ್ರತ್ಯೇಕ ವೀಸಾ ಬಂತು. ರೋಗಿಯ ಜೊತೆ ಇಬ್ಬರು ಬರಬಹುದು.

ಆದರೆ ಬೆಂಗಳೂರಿನ ಹೆಸರು ಹೊರಗೆ ಹೋದದ್ದು ಇಂಥ ಕಾಗದಗಳಿಂದ ಅಲ್ಲ. ಅದಕ್ಕೆ 2003ರ ಮಳೆಗಾಲ ನೋಡಬೇಕು.

ಸಂಸತ್ತಿನ ಮೇಲೆ ದಾಳಿಯಾದ ಮೇಲೆ ನಿಂತಿದ್ದ ದೆಹಲಿ–ಲಾಹೋರ್ ಬಸ್ಸು 2003ರ ಜುಲೈನಲ್ಲಿ ಮತ್ತೆ ಹೊರಟಿತು. ಲಾಹೋರಿನಿಂದ ಬಂದ ಮೊದಲ ಬಸ್ಸಿನಲ್ಲೇ ಎರಡೂವರೆ ವರ್ಷದ ಒಂದು ಹೆಣ್ಣು ಮಗು ಇತ್ತು, ಹೃದಯದಲ್ಲಿ ರಂಧ್ರ. ದೆಹಲಿಯಿಂದ ಬೆಂಗಳೂರಿಗೆ ಬಂದು, ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಆಯಿತು. ಮಗು ಉಳಿಯಿತು. ದೇಶದ ಮೂಲೆಮೂಲೆಯಿಂದ ಜನ ಗೊಂಬೆ, ಹಣ, ಹಾರೈಕೆ ಕಳಿಸಿದರು. ಹೊರದೇಶದ ಪತ್ರಿಕೆ, ಟಿವಿಗಳೂ ಸುದ್ದಿ ಮಾಡಿದವು. ಕೋಟಿ ಸುರಿದರೂ ಸಿಗದ ಪ್ರಚಾರ ಒಂದು ಮಗುವಿನಿಂದ ಸಿಕ್ಕಿತು.

ಅದಕ್ಕೆ ಒಂದೂವರೆ ತಿಂಗಳು ಮೊದಲು, ಜೂನ್ 1ರಂದು, ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. ಅದೇ ಯಶಸ್ವಿನಿ. ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ಕಟ್ಟಿದರೆ ದೊಡ್ಡ ಆಪರೇಷನ್ನೂ ಆಗುತ್ತದೆ ಎಂದರೆ ಮೊದಲು ನಂಬಿದವರು ಕಡಿಮೆ. ಸೊಸೈಟಿ ಸೆಕ್ರೆಟರಿಗಳು ಮನೆಮನೆ ತಿರುಗಿ ಹೇಳಿದರು. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು, ಸುಮಾರು 9 ಸಾವಿರ ಆಪರೇಷನ್ ಆದವು. ಈ ಯೋಜನೆಯ ಹಿಂದೆಯೂ ನಾರಾಯಣ ಹೃದಯಾಲಯ ಕಟ್ಟಿದ ಡಾ. ದೇವಿ ಶೆಟ್ಟಿ ಅವರೇ ಇದ್ದರು. ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆ, ಆಪರೇಷನ್ ಥಿಯೇಟರ್ ಎಷ್ಟೋ ಖಾಲಿ ಬಿದ್ದಿರುತ್ತವೆ, ಕಡಿಮೆ ದರಕ್ಕಾದರೂ ತುಂಬಿದರೆ ಇಬ್ಬರಿಗೂ ಲಾಭ ಎಂಬುದು ಲೆಕ್ಕಾಚಾರ.

ಈ ಲೆಕ್ಕ ಸ್ವಲ್ಪ ಬಿಡಿಸಿ ನೋಡಿ. ಕೋಟಿಗಟ್ಟಲೆಯ ಯಂತ್ರಕ್ಕೆ ದಿನಕ್ಕೆ ಒಬ್ಬ ರೋಗಿಯಾದರೆ ಇಡೀ ಖರ್ಚು ಅವನ ಬಿಲ್ಲಿಗೆ ಬೀಳುತ್ತದೆ, ಹತ್ತು ಜನವಾದರೆ ಹಂಚಿಹೋಗುತ್ತದೆ. ಔಷಧಿ, ವಾಲ್ವ್, ದಾರ ಎಲ್ಲವನ್ನೂ ರಾಶಿಯಲ್ಲಿ ಕೊಂಡರೆ ಅಗ್ಗ. ದಿನಾ ಅದೇ ಆಪರೇಷನ್ ಮಾಡುವ ಡಾಕ್ಟರ ಕೈ ಬೇರೆಯೇ ಆಗುತ್ತದೆ. ಹೊರದೇಶದವರಿಗೆ ಮಾರಿದ್ದು ಈ ಎರಡನ್ನೇ: ಕಡಿಮೆ ಬೆಲೆ, ಪಳಗಿದ ಕೈ. ಎರಡರ ಹಿಂದೆಯೂ ಇರುವುದು ರೋಗಿಗಳ ಸಂಖ್ಯೆ. ಆ ಸಂಖ್ಯೆಯಲ್ಲಿ ಹಾಲಿನ ಡೈರಿ ಸದಸ್ಯರದ್ದೂ ಪಾಲಿದೆ, ಬಂಗಾಳದಿಂದ ರೈಲು ಹತ್ತಿ ಬಂದವರದ್ದೂ ಇದೆ. ನಾವು ನೋಡಿದ ಯಾವ ಪ್ರಚಾರ ಪುಸ್ತಿಕೆಯಲ್ಲೂ ಅವರ ಮುಖವಿಲ್ಲ. ಅಲ್ಲಿರುವುದು ನಗುವ ಡಾಕ್ಟರು, ಹೊಳೆಯುವ ನೆಲ, ಕೊನೆಯ ಪುಟದಲ್ಲಿ ಮೈಸೂರು ಅರಮನೆ.

ಪುಸ್ತಿಕೆ ಬರೆದವರ ಕಣ್ಣಿದ್ದದ್ದು ಅಮೆರಿಕದ ಮೇಲೆ. 2004ರಲ್ಲಿ ಅಲ್ಲಿನ ಒಬ್ಬ ವಿಮೆಯಿಲ್ಲದ ಬಡಗಿ, ತನ್ನೂರಿನಲ್ಲಿ 2 ಲಕ್ಷ ಡಾಲರ್ ಎಂದ ಹೃದಯದ ಆಪರೇಷನ್ನನ್ನು ದೆಹಲಿಯಲ್ಲಿ, ಪ್ರಯಾಣ ಸೇರಿ 10 ಸಾವಿರ ಡಾಲರ್ ಆಸುಪಾಸಿನಲ್ಲಿ ಮುಗಿಸಿಕೊಂಡು ಹೋದ. ಆ ಕತೆಯನ್ನು ದೇಶದ ಆಸ್ಪತ್ರೆಗಳೆಲ್ಲ ಹೇಳಿಕೊಂಡವು. ಆದರೆ ಅವನ ಹಿಂದೆ ಅಮೆರಿಕನ್ನರ ಸಾಲೇನೂ ಬರಲಿಲ್ಲ. ಬಂದವರು ಬಾಂಗ್ಲಾದೇಶದವರು, ಇರಾಕ್, ಒಮಾನ್, ಯೆಮೆನ್ ಕಡೆಯವರು, ಆಫ್ರಿಕಾದವರು. ಊರಲ್ಲಿ ಯುದ್ಧ, ಅಥವಾ ಆಸ್ಪತ್ರೆಯೇ ಇಲ್ಲ. ಎಷ್ಟೋ ಜನ ಹೊಲ ಮನೆ ಮಾರಿ ಬಂದವರು. ಗಾಜಿನ ಬಾಗಿಲ ಒಳಗೆ ಕೂತವರನ್ನೆಲ್ಲ ಸಾಹುಕಾರರು ಅಂದುಕೊಂಡಿದ್ದು ನಮ್ಮ ತಪ್ಪು.

ಬೊಮ್ಮಸಂದ್ರಕ್ಕೆ ಹೋಗಿ ನೋಡಿ. ಲಾಡ್ಜು, ಮೆಡಿಕಲ್ ಶಾಪು, ಮೀನೂಟದ ಹೋಟೆಲಿಗೆ ಬಂಗಾಳಿ ಬೋರ್ಡು. ಡಾ. ಶೆಟ್ಟಿ ಬೆಂಗಳೂರಿಗೆ ಬರುವ ಮೊದಲು ಕೋಲ್ಕತ್ತದಲ್ಲಿ ಹೆಸರು ಮಾಡಿದ್ದರು, ಅಲ್ಲಿಯ ರೋಗಿಗಳು ಹಿಂದೆಯೇ ಬಂದರು, ಗಡಿಯಾಚೆಯವರೂ ಬಂದರು. ಜಾಹೀರಾತಿಗಿಂತ ಗುಣವಾಗಿ ಹೋದವರ ಬಾಯಿ ಮಾತು ದೊಡ್ಡದು. ಅಮೆರಿಕನ್ನರು ಬೇಕೆಂದರೆ ಆಸ್ಪತ್ರೆಯೇ ಅವರ ಹತ್ತಿರ ಹೋಗಬೇಕಾಯಿತು. 2014ರಲ್ಲಿ ನಾರಾಯಣ ಸಂಸ್ಥೆ ಅಮೆರಿಕದ ಪಕ್ಕದ ಕೇಮನ್ ದ್ವೀಪದಲ್ಲಿ ಆಸ್ಪತ್ರೆ ತೆರೆಯಿತು.

ಹೊರಗಿನವರನ್ನು ನೆಚ್ಚಿದ ವ್ಯಾಪಾರಕ್ಕೆ ಗಡಿ ಮುಚ್ಚಿದರೆ ಕಷ್ಟ. 2020ರಲ್ಲಿ ಕೊರೋನಾ ಬಂದು ವಿಮಾನ ನಿಂತವು. 2024ರಲ್ಲಿ ಬಾಂಗ್ಲಾದೇಶದಲ್ಲಿ ಸರ್ಕಾರ ಬಿದ್ದ ಮೇಲೆ ಅಲ್ಲಿಯವರಿಗೆ ವೀಸಾ ಸಿಗುವುದೇ ಕಷ್ಟವಾಯಿತು.

ಯಶಸ್ವಿನಿಯ ದಾರಿಯೂ ನೇರವಾಗಿರಲಿಲ್ಲ. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿ ಹೆಸರೇ ಇಲ್ಲದಂತೆ ಮಾಡಿದರು. ಸೊಸೈಟಿಗಳಲ್ಲಿ ಜನ ಕೇಳಿ ಕೇಳಿ ಸುಸ್ತಾದರು. ಮತ್ತೆ ನೋಂದಣಿ ಶುರುವಾದದ್ದು 2022ರ ನವೆಂಬರಿನಲ್ಲಿ. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ನಡುವಿನ ನಾಲ್ಕು ವರ್ಷ ದೊಡ್ಡಪ್ಪ ಏದುಸಿರು ಬಿಡುತ್ತಾ ಮಾತ್ರೆಯಲ್ಲೇ ದಿನ ತಳ್ಳಿದ್ದ.

ಆ ದಿನ ನಮ್ಮ ಟೋಕನ್ ಕರೆದಾಗ ಮಧ್ಯಾಹ್ನ ಎರಡಾಗಿತ್ತು. ಎರಡು ವಾರ ಬಿಟ್ಟು ಆಪರೇಷನ್ ಆಯಿತು. ವಾರ್ಡಿಗೆ ಬಂದ ಡಾಕ್ಟರು, ಈ ತಿಂಗಳಲ್ಲಿ ಇಂಥದ್ದು ಎಷ್ಟನೆಯದೋ ನೆನಪಿಲ್ಲ ಎಂದು ನಕ್ಕರು. ದೊಡ್ಡಪ್ಪ ಈಗ ಡೈರಿಗೆ ತಾನೇ ಹಾಲು ಹಾಕಿ ಬರುತ್ತಾನೆ. ಆ ಇಂಗ್ಲಿಷ್ ಬೋರ್ಡಿನ ಬಗ್ಗೆ ಆಸ್ಪತ್ರೆಯವರಿಗೆ ಒಂದು ಪತ್ರ ಬರೆದು ಅವನ ಸಹಿ ಹಾಕಿಸಿ ಕಳಿಸಿದ್ದೇವೆ.