ಕುಜಗ್ರಹದವರ ದಂಡಯಾತ್ರೆ

ನಮ್ಮ ಜ್ಯೋತಿಷಿಗಳು ಮಂಗಳಗ್ರಹವನ್ನು ಅಂಗಾರಕನೆಂದೂ ಭೌಮನೆಂದೂ ಕುಜನೆಂದೂ ಕರೆದಿರುವರು. ಕೆಂಡದಂತೆ ಕೆಂಪಾಗಿರುವುದರಿಂದ ಮೊದಲನೆಯ ಹೆಸರು. ಭೂದೇವಿಯ ಮಗನೆಂಬ ಪ್ರಸಿದ್ಧಿಯಿಂದ ಉಳಿದೆರಡು. ‘ಕು’ ಎಂದರೆ ಭೂಮಿ; ಅವಳಲ್ಲಿ ಜನಿಸಿದವನು ಕುಜ. ರೋಮನರಾದರೋ ಅದೇ ಗ್ರಹಕ್ಕೆ ತಮ್ಮ ಯುದ್ಧದೇವತೆಯ ಹೆಸರನ್ನಿಟ್ಟರು. ಆ ಗ್ರಹದಿಂದ ಶತ್ರುಸೈನ್ಯವೊಂದು ಇಳಿದು ಬಂದು ಭೂಲೋಕವನ್ನು ಸುಡುವ ಕಥೆಯು ಇಂಗ್ಲೆಂಡಿನಲ್ಲಿ ಹುಟ್ಟಿ, 1953ನೆಯ ಇಸವಿಯಲ್ಲಿ ಅಮೆರಿಕೆಯಲ್ಲಿ ಚಲಚ್ಚಿತ್ರವಾಯಿತು. ‘ದಿ ವಾರ್ ಆಫ್ ದಿ ವರ್ಲ್ಡ್ಸ್’, ಎಂದರೆ ‘ಲೋಕಗಳ ಯುದ್ಧ’ ಎಂಬುದು ಅದರ ಹೆಸರು. ಬಾಲಕರ ವಿನೋದಕ್ಕೆಂದು ತೋರುವ ಈ ಚಿತ್ರದಲ್ಲಿ ಇತಿಹಾಸವನ್ನು ಓದುವವರು ಆಲೋಚಿಸತಕ್ಕ ವಿಷಯವೊಂದುಂಟು. ಅದನ್ನು ವಾಚಕಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮೂಲಕಥೆಯನ್ನು ಬರೆದವನು ಎಚ್. ಜಿ. ವೆಲ್ಸ್ (1866–1946). ಆತನು ಒಮ್ಮೆ ತನ್ನ ಸೋದರನಾದ ಫ್ರಾಂಕನೊಡನೆ ಸರ್ರೆ ಪ್ರಾಂತದ ಹಳ್ಳಿಗಾಡಿನಲ್ಲಿ ನಡೆದುಹೋಗುತ್ತಿದ್ದಾಗ ಟಾಸ್ಮೇನಿಯ ದ್ವೀಪದ ಮಾತು ಬಂದಿತಂತೆ. ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಆ ದ್ವೀಪದಲ್ಲಿ ಆಂಗ್ಲರು 1803ರಲ್ಲಿ ನೆಲೆಯೂರಿದರು. ಸುಮಾರು ಐವತ್ತು ವರ್ಷಗಳೊಳಗಾಗಿ ಅಲ್ಲಿಯ ಮೂಲನಿವಾಸಿಗಳು ಕೊಲೆಯಿಂದಲೂ ರೋಗದಿಂದಲೂ ದೇಶಭ್ರಂಶದಿಂದಲೂ ಬಹುಮಟ್ಟಿಗೆ ನಾಶವಾದರು. 1876ರಲ್ಲಿ ಟ್ರುಗನಿನಿ ಎಂಬ ಸ್ತ್ರೀಯು ಗತಿಸಿದಾಗ ಆ ಕುಲವೇ ಮುಗಿಯಿತೆಂದು ಲೋಕವು ನಂಬಿತು, ವೆಲ್ಸನೂ ನಂಬಿದನು. ಅದು ಸತ್ಯವಲ್ಲ; ಆ ಜನರ ಸಂತತಿಯು ಇಂದಿಗೂ ಬಾಳುತ್ತಿರುವುದು. ಆದರೆ ಸೋದರರಿಬ್ಬರ ಮನಸ್ಸಿನಲ್ಲಿ ಅಂದು ಹುಟ್ಟಿದ ಪ್ರಶ್ನೆಯು ಸುಳ್ಳಾಗಲಿಲ್ಲ: ನಾವು ಅವರಿಗೆ ಮಾಡಿದುದನ್ನೇ ಆಕಾಶದಿಂದಿಳಿದ ಯಾರಾದರೂ ನಮಗೆ ಮಾಡಿದರೆ ಏನಾಗುವುದು? ಗ್ರಂಥವನ್ನು ಆತನು ಆ ಸೋದರನಿಗೇ ಅರ್ಪಿಸಿದನು.

ಕಥೆಯು ಮಾಸಪತ್ರಿಕೆಯೊಂದರಲ್ಲಿ 1897ರಲ್ಲಿ ಬಿಡಿಬಿಡಿಯಾಗಿ ಪ್ರಕಟವಾಗಿ, ಮರುವರ್ಷ ಗ್ರಂಥರೂಪವನ್ನು ತಾಳಿತು. 1897 ಎಂದರೆ ವಿಕ್ಟೋರಿಯಾ ರಾಣಿಯು ಪಟ್ಟವೇರಿ ಅರುವತ್ತು ವರ್ಷಗಳು ತುಂಬಿದ ಮಹೋತ್ಸವದ ವರ್ಷ. ಆಗ ಆ ಚಕ್ರಾಧಿಪತ್ಯದೊಳಗೇ ಇದ್ದ ನಮ್ಮ ದೇಶದಲ್ಲಿಯೂ ಆ ಉತ್ಸವವು ನಡೆಯಿತು. ಲಂಡನಿನ ಬೀದಿಗಳಲ್ಲಿ ವಿಜಯದ ಮೆರವಣಿಗೆಯು ಹೋಗುತ್ತಿದ್ದ ವರ್ಷದಲ್ಲೇ, ಅದೇ ಲಂಡನ್ ನಗರವು ಪಾಳುಬಿದ್ದು ಅದರ ಪ್ರಜೆಗಳು ಇರುವೆಗಳಂತೆ ಓಡುವ ಚಿತ್ರವನ್ನು ಒಬ್ಬ ಆಂಗ್ಲನು ತನ್ನವರ ಮುಂದೆ ಹಿಡಿದನು. ಕುಜಗ್ರಹದವರನ್ನು ಕ್ರೂರರೆಂದು ನಿಂದಿಸುವ ಮೊದಲು ಟಾಸ್ಮೇನಿಯವನ್ನು ನೆನೆಯಿರೆಂದು ಮೊದಲನೆಯ ಅಧ್ಯಾಯದಲ್ಲೇ ಎಚ್ಚರಿಸಿದನು. ಇದೇ ಆ ಕಥೆಯ ಜೀವಾಳವು.

ಐವತ್ತೈದು ವರ್ಷಗಳ ತರುವಾಯ ಈ ಕಥೆಯು ಚಲಚ್ಚಿತ್ರವಾದಾಗ ಅದರ ನಿರ್ಮಾಪಕನು ಹಂಗೆರಿಯಲ್ಲಿ ಜನಿಸಿದ ಜಾರ್ಜ್ ಪಾಲ್. ನಿರ್ದೇಶಕನು ಬೈರನ್ ಹ್ಯಾಸ್ಕಿನ್. ಕಥಾಸ್ಥಳವು ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಕ್ಕೂ, ಕಾಲವು 1953ಕ್ಕೂ ಬದಲಾಯಿತು. ಆ ಕಾಲವನ್ನು ವಾಚಕರು ಸ್ಮರಿಸಬೇಕು. ರಷ್ಯಾ ದೇಶವು 1949ರಲ್ಲಿ ಪರಮಾಣು ಬಾಂಬನ್ನು ಸಿಡಿಸಿತ್ತು. 1950ರಿಂದ ಕೊರಿಯದಲ್ಲಿ ನಡೆದ ಯುದ್ಧವು 1953ರ ಜುಲೈ ತಿಂಗಳಲ್ಲಿ ನಿಂತಿತು. ಆಕಾಶದಿಂದ ಮೃತ್ಯುವು ಎಂದು ಬಂದೀತೋ ಎಂಬ ಭಯವು ಅಮೆರಿಕೆಯ ಮನೆಮನೆಯಲ್ಲಿಯೂ ಇದ್ದಿತು. ಚಿತ್ರದಲ್ಲಿ ಬಿಳಿಯ ಧ್ವಜವನ್ನು ಹಿಡಿದು ಸಂಧಿಗೆಂದು ಹೋದ ಮೂವರು ಕ್ಷಣಮಾತ್ರದಲ್ಲಿ ಬೂದಿಯಾಗುವರು. ಧರ್ಮಗ್ರಂಥವನ್ನೆತ್ತಿ ಹಿಡಿದು ಪ್ರಾರ್ಥಿಸುತ್ತ ಮುಂದೆ ನಡೆದ ಪಾದ್ರಿಯೂ ಭಸ್ಮವಾಗುವನು. ಕಡೆಗೆ ಪರಮಾಣು ಬಾಂಬನ್ನೇ ಹಾಕುವರು. ಹೊಗೆಯು ಚದುರಿದ ಮೇಲೆ ಶತ್ರುಯಂತ್ರಗಳು ಕಿಂಚಿತ್ತೂ ಕೆಡದೆ ತೇಲಿಬರುವುವು. ಅಂದಿನ ಪ್ರೇಕ್ಷಕರ ಎದೆಯು ಅಲ್ಲಿ ನಡುಗಿರಬೇಕು.  ಈ ದೃಶ್ಯಗಳ ಕೌಶಲಕ್ಕೆ ಅಕಾಡೆಮಿ ಪ್ರಶಸ್ತಿಯು ದೊರೆಯಿತು.

ಕೌಶಲವು ನಿಜವಾದುದೇ. ಲಾಸ್ ಏಂಜಲಿಸ್ ನಗರದಿಂದ ಓಡುವ ಜನರು ವಿಜ್ಞಾನಿಗಳ ವಾಹನವನ್ನೇ ಕಿತ್ತುಕೊಂಡು, ತಮ್ಮನ್ನು ರಕ್ಷಿಸಬಹುದಾಗಿದ್ದ ಉಪಕರಣಗಳನ್ನು ಬೀದಿಗೆಸೆಯುವ ಪ್ರಸಂಗವು ಮನುಷ್ಯಸ್ವಭಾವವನ್ನು ಬಲ್ಲವರ ಕೆಲಸವು. ಆದರೂ ಮೂಲದ ಜೀವಾಳವು ಇಲ್ಲಿ ಕಾಣದು. ಚಿತ್ರದ ಆರಂಭದ ವ್ಯಾಖ್ಯಾನದಲ್ಲಿ ಟಾಸ್ಮೇನಿಯದ ಹೆಸರಿಲ್ಲ. ವೆಲ್ಸನ ಗ್ರಂಥದಲ್ಲಿ ಪಾದ್ರಿಯು ಭಯದಿಂದ ಬುದ್ಧಿಗೆಟ್ಟವನು. ಇಲ್ಲಿ ಅವನು ಹುತಾತ್ಮನು. ಅಲ್ಲಿ ಓದುಗನು ತಾನೇ ಹಿಂದೆ ಆಕ್ರಮಿಸಿದವನೆಂದು ನಾಚುವನು. ಇಲ್ಲಿ ಪ್ರೇಕ್ಷಕನು ಏನೊಂದು ತಪ್ಪನ್ನೂ ಮಾಡದೆ ಪೀಡಿತನಾದೆನೆಂದು ಮರುಗುವನು. ಕನ್ನಡಿಯಾಗಿದ್ದುದು ಕಿಟಕಿಯಾಯಿತು, ಕಾಣುವ ಮುಖವು ತನ್ನದಲ್ಲ, ಹೊರಗೆ ನಿಂತ ಪರಕೀಯನದು.

ಇಲ್ಲಿ ಒಬ್ಬನ ವೃತ್ತಾಂತವನ್ನು ಹೇಳದಿರಲಾರೆ. ಆ ಚಿತ್ರದ ಯಂತ್ರಗಳು ಬಲು ಸುಂದರವಾದುವು: ತಾಮ್ರದ ಮೈ, ಸಮುದ್ರದ ತೊರಕೆಮೀನಿನ ಆಕಾರ, ಹಾವಿನ ಹೆಡೆಯಂತೆ ಮೇಲೆದ್ದ ಕೊರಳು. ಅವುಗಳ ರೂಪವನ್ನು ಕಲ್ಪಿಸಿದವನು ಆಲ್ಬರ್ಟ್ ನೊಜಾಕಿ. ಈತನು ಜಪಾನಿನಲ್ಲಿ ಜನಿಸಿ, ಶೈಶವದಲ್ಲೇ ಅಮೆರಿಕೆಗೆ ಬಂದು ಅಲ್ಲಿಯೇ ಬೆಳೆದವನು. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರ್ ಬಂದರಿನ ಮೇಲೆ ಬಿದ್ದಿತು. ಆ ಬಳಿಕ ನೊಜಾಕಿಯು ಕೆಲಸವನ್ನು ಕಳೆದುಕೊಂಡು, ಪತ್ನೀಸಮೇತನಾಗಿ ಕ್ಯಾಲಿಫೋರ್ನಿಯದ ಮಾನ್ಜನಾರ್ ಎಂಬ ನಿರ್ಬಂಧಶಿಬಿರವನ್ನು ಸೇರಬೇಕಾಯಿತು. ಹೀಗೆ ಶಿಬಿರಗಳಿಗೆ ತಳ್ಳಲ್ಪಟ್ಟವರು ಸುಮಾರು 1,20,000 ಮಂದಿ. ಅವರಲ್ಲಿ ಹೆಚ್ಚಿನವರು ಅಮೆರಿಕೆಯ ಪ್ರಜೆಗಳೇ. ಅಪರಾಧವೊಂದೂ ಇಲ್ಲದೆ, ಮುಖವನ್ನು ನೋಡಿಯೇ ಅವರನ್ನು ಶತ್ರುಗಳೆಂದೆಣಿಸಲಾಯಿತು. ಆ ದೇಶವು 1988ರಲ್ಲಿ ಶಾಸನದ ಮೂಲಕ ಕ್ಷಮೆಯನ್ನು ಕೇಳಿತು. ತನ್ನ ದೇಶದಲ್ಲೇ ಪರಕೀಯನೆಂದು ಬಂಧಿತನಾದವನ ಕೈಯಿಂದಲೇ, ಹತ್ತು ವರ್ಷಗಳೊಳಗೆ, ಪರಲೋಕದ ಶತ್ರುವಿನ ವಾಹನವು ರೂಪುಗೊಂಡಿತು. ಚಿತ್ರಕಥೆಯು ಕೈಬಿಟ್ಟ ಕನ್ನಡಿಯನ್ನು ಇತಿಹಾಸವು ಹೀಗೆ ತೆರೆಯ ಹಿಂದೆ ಇಟ್ಟುಕೊಂಡಿದ್ದಿತು.

ಕಥೆಯ ಅಂತ್ಯವು ಎರಡರಲ್ಲಿಯೂ ಒಂದೇ. ಬಾಂಬಿಗೆ ಅಳಿಯದ ಶತ್ರುಗಳು ಕಣ್ಣಿಗೆ ಕಾಣದ ರೋಗಾಣುಗಳಿಂದ ಅಳಿಯುವರು. ಇದನ್ನು ಓದಿದಾಗ ನಮಗೆ ರಾವಣನ ನೆನಪಾಗದಿರದು. ದೇವದಾನವರಿಂದ ಮರಣವಿಲ್ಲದಂತೆ ವರವನ್ನು ಬೇಡಿದ ಆತನು ಮನುಷ್ಯರನ್ನು ಹುಲ್ಲಿಗೆ ಸಮಾನರೆಂದು ಬಿಟ್ಟನು. ಆ ಹುಲ್ಲೇ ಅವನಿಗೆ ಬಾಣವಾಯಿತು. ಆದರೆ ನಿಜವಾದ ಇತಿಹಾಸವು ಇಷ್ಟು ನ್ಯಾಯವಾಗಿ ನಡೆಯಲಿಲ್ಲ. ಅಮೆರಿಕ ಖಂಡದಲ್ಲಿಯೂ ಟಾಸ್ಮೇನಿಯದಲ್ಲಿಯೂ ರೋಗಾಣುಗಳು ಬಂದವರ ಪಕ್ಷವನ್ನೇ ವಹಿಸಿ, ಇದ್ದವರನ್ನು ಕೊಂದುವು. ಕಥೆಯಲ್ಲಿ ದುರ್ಬಲರಿಗೆ ದೊರೆತ ರಕ್ಷಣೆಯು ಭೂಮಿಯ ಮೇಲಣ ದುರ್ಬಲರಿಗೆ ದೊರೆಯಲಿಲ್ಲ.

ರಾವಣನ ಪ್ರಸಂಗದಲ್ಲಿ ಇನ್ನೊಂದು ಮಾತುಂಟು. ನಮ್ಮ ಪೌರಾಣಿಕರು ಅವನನ್ನು ಎಲ್ಲಿಂದಲೋ ಬಂದ ಅನ್ಯನೆಂದು ಹೇಳಿ ಸುಮ್ಮನಾಗಲಿಲ್ಲ. ಋಷಿಪುತ್ರನೆಂದರು, ಪೂರ್ವಜನ್ಮದಲ್ಲಿ ವೈಕುಂಠದ ದ್ವಾರಪಾಲಕನೆಂದರು. ಶತ್ರುವೂ ನಮ್ಮ ಬಾಗಿಲಿನಿಂದಲೇ ಹೊರಟವನೆಂಬ ಅರಿವು ಅದರಲ್ಲಿದೆ. ವೆಲ್ಸನಿಗೆ ಆ ಅರಿವಿತ್ತು. ಆ ಅಂಗಾರಕನಿಗೆ ಹಿರಿಯರು ಭೂಮಿಯ ಮಗನೆಂದು ಹೆಸರಿಟ್ಟುದನ್ನು ಆತನು ಕೇಳಿದ್ದರೆ ಸಂತೋಷಪಡುತ್ತಿದ್ದನೆಂದು ನಾನು ನಂಬಿದ್ದೇನೆ. 1953ರ ಚಿತ್ರವನ್ನು ವಾಚಕರು ಅವಶ್ಯವಾಗಿ ನೋಡಲಿ, ಮಕ್ಕಳಿಗೂ ತೋರಿಸಲಿ. ಆದರೆ ನೋಡಿಯಾದ ಮೇಲೆ ಮೂಲಗ್ರಂಥದ ಮೊದಲನೆಯ ಅಧ್ಯಾಯವನ್ನು ಅವರಿಗೆ ಓದಿ ಹೇಳಲಿ.